ಇಟಲಿಯಲ್ಲೂ ಮೊಮ್ಮಗನಿಗೆ ಅಜ್ಜನ ಹೆಸರೇ?

ಪ್ರಶ್ನೆ: ಇಟಲಿಯವರು ಮಗುವಿಗೆ ಅಜ್ಜ-ಅಜ್ಜಿಯರ ಹೆಸರಿಡುತ್ತಾರಂತೆ. ನಿಜವೇ?

ಉತ್ತರ: ನಿಜ, ಆದರೆ ಈಗ ಅದು ಕಡ್ಡಾಯದಂತೆ ಉಳಿದಿಲ್ಲ. ಹಳೆಯ ಪದ್ಧತಿಯಲ್ಲಿ ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಹೆಣ್ಣುಮಕ್ಕಳಿಗೆ ಅದೇ ಕ್ರಮದಲ್ಲಿ ಅಜ್ಜಿಯರದು. ದಕ್ಷಿಣ ಇಟಲಿಯಲ್ಲಿ ಇದರ ಹಿಡಿತ ಹೆಚ್ಚು. ಒಬ್ಬ ಅಜ್ಜನಿಗೆ ನಾಲ್ವರು ಗಂಡುಮಕ್ಕಳಿದ್ದರೆ ಒಂದೇ ಹೆಸರು, ಒಂದೇ ಅಡ್ಡಹೆಸರಿನ ನಾಲ್ಕು ಮೊಮ್ಮಕ್ಕಳು! ಹಬ್ಬದೂಟಕ್ಕೆ ಕರೆಯುವವರ ಪಾಡು ಊಹಿಸಿಕೊಳ್ಳಿ.

ಊರಿನ ಸಂತರ ಹೆಸರಿಗೂ ಬೇಡಿಕೆಯಿದೆ: ನೇಪಲ್ಸ್‌ನಲ್ಲಿ ಜೆನ್ನಾರೊ, ಬಾರಿಯಲ್ಲಿ ನಿಕೋಲಾ, ಪಲೆರ್ಮೊದಲ್ಲಿ ರೊಸಾಲಿಯಾ. ಆ ಸಂತರ ದಿನವೇ ಹೆಸರಿನ ಹಬ್ಬ, ‘ಒನೊಮಾಸ್ತಿಕೊ’. ಹೆಸರಿಗೆ ಸಂತರೇ ಇಲ್ಲದವರು ನವೆಂಬರ್ 1ರಂದು, ಸರ್ವಸಂತರ ದಿನ, ಆಚರಿಸಬಹುದು.

ಕಾನೂನೂ ಮೂಗು ತೂರಿಸುತ್ತದೆ. ಬದುಕಿರುವ ತಂದೆಯ ಅಥವಾ ಒಡಹುಟ್ಟಿದವರ ಹೆಸರನ್ನೇ ಮಗುವಿಗೆ ಇಡುವಂತಿಲ್ಲ. ನಗೆಪಾಟಲಿನ ಹೆಸರೂ ಸಲ್ಲದು. ಇದು ಒಳ್ಳೆಯ ನಿಯಮವೇ ಎನ್ನಬೇಕು. ‘ಆಂದ್ರೆಯಾ’ ಅಲ್ಲಿ ಗಂಡುಹೆಸರು. ಹೆಣ್ಣುಮಗುವಿಗೂ ಇಡಬಹುದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಪ್ಪಿದ್ದು 2012ರಲ್ಲಿ. ಮಗುವಿಗೆ ತಾನಾಗಿ ತಂದೆಯ ಅಡ್ಡಹೆಸರೇ ಅಂಟಿಕೊಳ್ಳುತ್ತಿದ್ದ ಪದ್ಧತಿಯನ್ನು ಸಂವಿಧಾನ ನ್ಯಾಯಾಲಯ 2022ರಲ್ಲಿ ರದ್ದುಮಾಡಿತು.