ಬಂದೂಕಿನ ನಳಿಗೆಯ ಬಿಗಿತ

ನಮ್ಮ ಪ್ರಯೋಗಶಾಲೆಯಲ್ಲಿ ಒಮ್ಮೆ ವಿದ್ಯಾರ್ಥಿಯೊಬ್ಬ ಉಪಕರಣವೊಂದರ ಹಿತ್ತಾಳೆಯ ತಿರುಪನ್ನು ಬಿಗಿಮಾಡುತ್ತಿದ್ದ. ಅದು ಆಗಲೇ ಸಾಕಷ್ಟು ಬಿಗಿಯಾಗಿತ್ತು. "ಇನ್ನೊಂದಿಷ್ಟು ಇರಲಿ" ಎಂದು ಅವನು ಮತ್ತೆ ಬಲ ಹಾಕಿದ. ತಿರುಪಿನ ತಲೆ ಕೈಗೆ ಬಂತು; ಉಳಿದ ಭಾಗ ಒಳಗೇ ಸಿಕ್ಕಿಕೊಂಡಿತು. ಅವನೊಬ್ಬನನ್ನೇ ದೂರಿ ಫಲವಿಲ್ಲ. ಬಿಗಿಯಾದಷ್ಟೂ ಭದ್ರ ಎಂಬ ನಂಬಿಕೆ ನಮ್ಮೆಲ್ಲರಲ್ಲಿಯೂ ಬೇರೂರಿದೆ. ಲಾರಿಯ ಚಕ್ರದ ನಟ್ಟಿಗೆ ಸ್ಪ್ಯಾನರು ಹಾಕಿ, ಅದರ ಹಿಡಿಗೆ ಉದ್ದನೆಯ ಕೊಳವೆ ಸಿಕ್ಕಿಸಿ, ಅದರ ಮೇಲೆ ನಿಂತು ತುಳಿಯುವವರನ್ನು ಯಾರು ನೋಡಿಲ್ಲ?

ಹಾಗಾದರೆ ಬಿಗಿತಕ್ಕೆ ಅಳತೆಯುಂಟೆ? ಉಂಟು. ಅದನ್ನು ತಿಳಿಯಲು ರೈಫಲಿನ ನಳಿಗೆ ಒಳ್ಳೆಯ ಉದಾಹರಣೆ. ಬಂದೂಕು ನಮ್ಮ ದೇಶದಲ್ಲಿ ಪರವಾನಗಿಯ ವಸ್ತು. ನಾವಿಲ್ಲಿ ನೋಡಹೊರಟಿರುವುದು ಅದರ ಒಂದು ನಟ್ಟನ್ನು ಮಾತ್ರ.

1950ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಆರ್ಮಲೈಟ್ ಸಂಸ್ಥೆಯಲ್ಲಿ ಯೂಜೀನ್ ಸ್ಟೋನರ್ ಮತ್ತು ಅವರ ಸಂಗಡಿಗರು ಎಆರ್-15 ಎಂಬ ರೈಫಲನ್ನು ರೂಪಿಸಿದರು. ಅಮೆರಿಕದ ಸೇನೆ ಮುಂದೆ ಇದನ್ನು ಎಂ-16 ಎಂಬ ಹೆಸರಿನಿಂದ ಬಳಕೆಗೆ ತಂದಿತು. ಇದರ ಮೈ ಅಲ್ಯುಮಿನಿಯಂ ಮಿಶ್ರಲೋಹದ್ದು, ನಳಿಗೆ ಉಕ್ಕಿನದು. ನಳಿಗೆಯ ಹಿಂತುದಿಯ ಬಳಿ ಬಳೆಯಂತಹ ಒಂದು ಅಂಚಿದೆ. ನಳಿಗೆಯನ್ನು ಮೈಯೊಳಕ್ಕೆ ತೂರಿಸಿದಾಗ ಈ ಅಂಚು ಮೈಯ ಮುಖಕ್ಕೆ ತಾಗಿ ನಿಲ್ಲುತ್ತದೆ. ಆಮೇಲೆ ದೊಡ್ಡದೊಂದು ನಟ್ಟನ್ನು ನಳಿಗೆಯ ಮೇಲಿಂದ ತಂದು ಮೈಯ ಹೊರಗಿನ ತಿರುಪಿಗೆ ಹಾಕಿ ಬಿಗಿದರೆ, ಅದು ಅಂಚನ್ನು ಮೈಗೆ ಒತ್ತಿ ಹಿಡಿಯುತ್ತದೆ. ಈ ನಟ್ಟಿಗೆ ವಿಧಿಸಿರುವ ಭ್ರಾಮಕ, ಎಂದರೆ ಕಾರ್ಖಾನೆಗಳವರು ಟಾರ್ಕ್ ಎಂದು ಕರೆಯುವುದು, 30 ಪೌಂಡ್-ಅಡಿಗೆ ಕಡಿಮೆಯಿರಬಾರದು, 80ನ್ನು ಮೀರಬಾರದು. ನಮ್ಮ ಮಾನದಲ್ಲಿ ಇದು ಸುಮಾರು 41ರಿಂದ 108 ನ್ಯೂಟನ್-ಮೀಟರು.

ಬಲವನ್ನು ಅಕ್ಷದಿಂದ ಅದಕ್ಕಿರುವ ಲಂಬದೂರದಿಂದ ಗುಣಿಸಿದರೆ ಭ್ರಾಮಕ ದೊರೆಯುವುದೆಂದು ಓದುಗರು ಬಲ್ಲರು. 30 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 14 ಕಿಲೋಗ್ರಾಂ ತೂಕ ತೂಗುಹಾಕಿದರೆ ಮೇಲೆ ಹೇಳಿದ ಕೆಳಮಿತಿ ಬರುತ್ತದೆ. 37 ಕಿಲೋಗ್ರಾಮಿಗೆ ಮೇಲ್ಮಿತಿ.

ಸಿಡಿಯುವ ಮದ್ದಿನ ರಭಸವನ್ನು ಈ ನಟ್ಟು ತಡೆಯಬೇಕಲ್ಲವೆ, ಮಿತಿ ಇಷ್ಟು ಕಡಿಮೆಯೇಕೆ ಎಂದು ಕೇಳಬಹುದು. ತೋಟಾ ಸಿಡಿದಾಗ ಒಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 4,000 ಪಟ್ಟು ಏರುವುದು ನಿಜ. ಆದರೆ ಈ ರೈಫಲಿನಲ್ಲಿ ತೋಟಾದ ಹಿಂಬದಿಯನ್ನು ಮುಚ್ಚುವ ಬೋಲ್ಟು ನಳಿಗೆಗೇ ಸೇರಿದ ಉಕ್ಕಿನ ತುಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಮಹಾಬಲವನ್ನು ಉಕ್ಕು ಉಕ್ಕೇ ಹಂಚಿಕೊಳ್ಳುತ್ತವೆ. ನಟ್ಟಿನ ಪಾಲಿಗೆ ಅದು ನೇರವಾಗಿ ಬರುವುದಿಲ್ಲ. ನಳಿಗೆಯನ್ನು ಅಲುಗಗೊಡದಿರುವುದೇ ನಟ್ಟಿನ ಕೆಲಸ.

ಇದು ಸಣ್ಣ ಕೆಲಸವೇನಲ್ಲ. ಗುರಿ ನೋಡುವ ದುರ್ಬೀನು ಇರುವುದು ಮೈಯ ಮೇಲೆ, ಗುಂಡು ಹೊರಡುವುದು ನಳಿಗೆಯಿಂದ. ಅಂಚಿನ ಅಗಲ 25 ಮಿಲಿಮೀಟರೆಂದು ಇಟ್ಟುಕೊಳ್ಳೋಣ. ಅದರ ಒಂದು ಬದಿಯಲ್ಲಿ ಮಿಲಿಮೀಟರಿನ ನೂರರಲ್ಲೊಂದು ಪಾಲು ಸಂದು ಬಿಟ್ಟರೂ 100 ಮೀಟರು ದೂರದಲ್ಲಿ ಗುಂಡು 40 ಮಿಲಿಮೀಟರು ಆಚೆ ಬೀಳುತ್ತದೆ. ಗುರಿಕಾರ ತನ್ನ ಕೈಯನ್ನೂ ಕಣ್ಣನ್ನೂ ಶಂಕಿಸುತ್ತ ದಿನಗಳೆಯುತ್ತಾನೆ, ದೋಷವಿರುವುದು ನಟ್ಟಿನಲ್ಲಿ.

ನಿಜವಾಗಿ ನಮಗೆ ಬೇಕಾದುದು ಭ್ರಾಮಕವಲ್ಲ, ಒತ್ತಿ ಹಿಡಿಯುವ ಬಲ. ನಟ್ಟನ್ನು ಬಿಗಿದಂತೆ ಲೋಹ ಕಣ್ಣಿಗೆ ಕಾಣದಷ್ಟು ಹಿಗ್ಗಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಒಣಹಾಕಿದ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪನ್ನು ನೆನೆಯಿರಿ. ಗಾಳಿಯ ಸೆಳೆತ ಕ್ಲಿಪ್ಪಿನ ಹಿಡಿತಕ್ಕಿಂತ ಕಡಿಮೆಯಿರುವವರೆಗೆ ಬಟ್ಟೆ ಕದಲದು. ಹಾಗೆಯೇ ಹೊರಗಿನ ಕಂಪನಗಳು ಒತ್ತುಬಲವನ್ನು ಮೀರದಿರುವವರೆಗೆ ಅಂಚಿಗೂ ಮೈಗೂ ನಡುವೆ ಸಂದು ಬಿಡುವುದಿಲ್ಲ. ಆದರೆ ಈ ಬಲವನ್ನು ನೇರವಾಗಿ ಅಳೆಯುವುದು ಕಷ್ಟ. ಸ್ಪ್ಯಾನರಿನ ಭ್ರಾಮಕವನ್ನು ಅಳೆಯುವುದು ಸುಲಭ. ಆದುದರಿಂದ ಒಂದನ್ನು ಅಳೆದು ಇನ್ನೊಂದನ್ನು ಊಹಿಸುತ್ತೇವೆ. ನಡುವೆ ಘರ್ಷಣೆ ಬಂದು ಲೆಕ್ಕ ಕೆಡಿಸುತ್ತದೆ.

ಎಷ್ಟು ಕೆಡಿಸುತ್ತದೆಂಬುದನ್ನು ನೋಡೋಣ. ಈ ತಿರುಪಿನ ವ್ಯಾಸ 31.75 ಮಿಲಿಮೀಟರು, ಅಂಗುಲಕ್ಕೆ 18 ಸುತ್ತು, ಎಂದರೆ ಒಂದು ಸುತ್ತಿಗೆ ನಟ್ಟು 1.41 ಮಿಲಿಮೀಟರು ಮುಂದೆ ಸರಿಯುತ್ತದೆ. 54 ನ್ಯೂಟನ್-ಮೀಟರಿನಲ್ಲಿ ಬಿಗಿದರೆ, ಘರ್ಷಣೆಯೇ ಇಲ್ಲದ ಪಕ್ಷದಲ್ಲಿ, ಕಾರ್ಯದ ಲೆಕ್ಕದಂತೆ ಸುಮಾರು 2,40,000 ನ್ಯೂಟನ್ ಒತ್ತುಬಲ ಬರಬೇಕು. ಇಂಜಿನಿಯರರ ಸೂತ್ರ ಬೇರೆ ಮಾತು ಹೇಳುತ್ತದೆ: ಭ್ರಾಮಕವೆಂದರೆ ಒತ್ತುಬಲ, ವ್ಯಾಸ ಮತ್ತು ಒಂದು ಗುಣಾಂಕ ಇವುಗಳ ಗುಣಲಬ್ಧ. ಒಣ ಲೋಹಕ್ಕೆ ಆ ಗುಣಾಂಕ ಸುಮಾರು 0.2, ಹಾಗಾದರೆ ಒತ್ತುಬಲ ಬರಿಯ 8,500 ನ್ಯೂಟನ್. ಒಳ್ಳೆಯ ಗ್ರೀಸು ಸವರಿ ಗುಣಾಂಕ 0.12ಕ್ಕೆ ಇಳಿದರೆ 14,000 ನ್ಯೂಟನ್. ನಮ್ಮ ಶ್ರಮದ ನೂರರಲ್ಲಿ ತೊಂಬತ್ತಕ್ಕೂ ಮೀರಿದ ಪಾಲು ಲೋಹ ಲೋಹವನ್ನು ಉಜ್ಜುವುದರಲ್ಲೇ ಕಳೆಯಿತು! ಇನ್ನೊಂದು ಮಾತನ್ನೂ ಗಮನಿಸಬೇಕು: ಸ್ಪ್ಯಾನರಿನ ಮುಳ್ಳು ತೋರಿದ ಅಂಕಿ ಎರಡು ಸಲವೂ ಒಂದೇ, ಒತ್ತುಬಲದಲ್ಲಿ ಮಾತ್ರ ಒಂದೂವರೆ ಪಟ್ಟಿಗೂ ಮಿಗಿಲಾದ ವ್ಯತ್ಯಾಸ. ಯಾವ ಗ್ರೀಸು ಎಂದು ತಿಳಿಸದೆ ಭ್ರಾಮಕದ ಅಂಕಿಯನ್ನಷ್ಟೇ ಕೊಡುವುದು ಅರ್ಧ ಮಾತು.

ಆದುದರಿಂದಲೇ ಇಲ್ಲಿ ಮಾಲಿಬ್ಡಿನಂ ಡೈಸಲ್ಫೈಡ್ ಬೆರೆತ ಗ್ರೀಸನ್ನು ಸೂಚಿಸುತ್ತಾರೆ. ಅದರ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ಗ್ರ್ಯಾಫೈಟೂ ಜಾರುವ ವಸ್ತುವೇ; ಆದರೆ ತೇವ ಸೇರಿದರೆ ಅದೂ ಅಲ್ಯುಮಿನಿಯಮ್ಮೂ ಕೂಡಿ ಒಂದು ವಿದ್ಯುತ್ಕೋಶವೇ ಆಗಿ, ಅಲ್ಯುಮಿನಿಯಂ ಸವೆಯತೊಡಗುತ್ತದೆ. ನಟ್ಟನ್ನು ಒಮ್ಮೆಗೇ ಬಿಗಿದು ಮುಗಿಸದೆ, ಎರಡು ಸಲ ಬಿಗಿದು ಸಡಿಲಿಸಿ ಮೂರನೆಯ ಸಲ ನಿಲ್ಲಿಸುವ ಪದ್ಧತಿಯೂ ಉಂಟು. ಹೊಸ ತಿರುಪಿನ ತರಿಗಳು ಇದರಿಂದ ನಯವಾಗಿ ಘರ್ಷಣೆ ಒಂದು ನೆಲೆಗೆ ಬರುತ್ತದೆ.

ಮಿತಿಗಳ ನಡುವೆ ಇಷ್ಟು ಅಂತರವನ್ನು ಬಿಟ್ಟಿರುವುದಕ್ಕೂ ಕಾರಣವಿದೆ. ನಟ್ಟಿನ ಅಂಚಿನ ಕಚ್ಚುಗಳಲ್ಲೊಂದರ ಮೂಲಕ ಅನಿಲದ ಸಣ್ಣ ಕೊಳವೆ ಹಾದುಹೋಗಬೇಕು. ಕೆಳಮಿತಿ ತಲುಪಿದಾಗ ಕಚ್ಚು ಸರಿಯಾದ ಸ್ಥಾನದಲ್ಲಿರದಿದ್ದರೆ ಮುಂದಿನ ಕಚ್ಚಿನವರೆಗೆ ಇನ್ನಷ್ಟು ಬಿಗಿಯಬೇಕು, ಹಿಂದಕ್ಕೆ ತಿರುಗಿಸಬಾರದು. ಹಿಂದಕ್ಕೆ ತಿರುಗಿಸಿದರೆ ಒತ್ತುಬಲ ಕುಗ್ಗುತ್ತದೆ. ಎಷ್ಟು ಕುಗ್ಗಿತೆಂದು ಸ್ಪ್ಯಾನರು ಹೇಳಲಾರದು, ಏಕೆಂದರೆ ಘರ್ಷಣೆಯ ದಿಕ್ಕೇ ಈಗ ತಿರುಗಿದೆ. ಮೇಲ್ಮಿತಿಯನ್ನು ಮೀರಿದರೆ ಮೊದಲು ಸೋಲುವುದು ಉಕ್ಕಲ್ಲ, ಅಲ್ಯುಮಿನಿಯಮ್ಮಿನ ತಿರುಪು. ಅದು ಕಿತ್ತುಹೋದರೆ ಮೈಯನ್ನೇ ಬದಲಿಸಬೇಕು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಈ ನಟ್ಟನ್ನು ಹಿಡಿಯಲು ಅಳತೆಯ ಸ್ಪ್ಯಾನರಿನ ಮುಂದಕ್ಕೆ ಒಂದು ಜೋಡಣೆಯ ತುಂಡನ್ನು ಹಾಕಬೇಕಾಗುತ್ತದೆ. ಸ್ಪ್ಯಾನರಿನ ಉದ್ದ 40 ಸೆಂಟಿಮೀಟರು, ತುಂಡಿನದು 5 ಆಗಿದ್ದು ಎರಡೂ ಒಂದೇ ಸರಳರೇಖೆಯಲ್ಲಿದ್ದರೆ ಕೈಬಲದ ಲಂಬದೂರ 45 ಸೆಂಟಿಮೀಟರಾಗುತ್ತದೆ. ಆಗ ಮುಳ್ಳು 54 ತೋರಿದರೂ ನಟ್ಟಿನ ಮೇಲೆ ಬೀಳುವುದು ಸುಮಾರು 61 ನ್ಯೂಟನ್-ಮೀಟರು. ಅದೇ ತುಂಡನ್ನು ಸ್ಪ್ಯಾನರಿಗೆ ಲಂಬಕೋನದಲ್ಲಿ ಜೋಡಿಸಿದರೆ ಮುಳ್ಳಿನ ಮಾತನ್ನು ಹಾಗೆಯೇ ಒಪ್ಪಿಕೊಳ್ಳಬಹುದು. ಏಕೆಂಬುದನ್ನು ಓದುಗರು ಒಂದು ಚಿತ್ರ ಬರೆದು ಕಂಡುಕೊಳ್ಳಲಿ.