ಉದುರಿದ ಎಲೆಯೇ ಮರಕ್ಕೆ ಹೊದಿಕೆ

ಫಾಲ್ಗುಣ ಮಾಸ ಬಂದಿತೆಂದರೆ ಧಾರವಾಡದ ಮಾಳಮಡ್ಡಿ, ಸಪ್ತಾಪುರಗಳ ಓಣಿಗಳಲ್ಲಿ ಮುಂಜಾನೆ ಹೊಗೆ ಏಳುವುದನ್ನು ನಾವು ಕಂಡಿದ್ದೇವೆ. ಹಿತ್ತಲನ್ನು ಚೊಕ್ಕಟವಾಗಿ ಗುಡಿಸಿ, ಉದುರಿದ ಎಲೆಗಳನ್ನು ಗುಡ್ಡೆ ಹಾಕಿ ಬೆಂಕಿ ಇಡುವುದು ಅನೇಕ ಮನೆಗಳ ರೂಢಿ. ಸಂಜೆಯಾದೊಡನೆ ಅದೇ ಮನೆಯವರು ಗಿಡ ಬಾಡಿತೆಂದು ಮರುಗಿ, ಮಲಪ್ರಭೆಯಿಂದ ಬಂದ ಕುಡಿಯುವ ನೀರನ್ನು ಕೊಡದಿಂದ ಸುರಿಯುವರು. ಬುಡಕ್ಕೆ ನೆರಳಾಗಬೇಕಾದುದನ್ನು ಸುಟ್ಟು, ಅನಂತರ ಬಾಯಾರಿಕೆಗೆ ಮರುಗುವುದು ವಿಚಿತ್ರವಲ್ಲವೇ?

ನಮ್ಮ ಅವಳಿ ನಗರವು ಎರಡು ಬಗೆಯ ಭೂಮಿಯ ಸಂಧಿಯಲ್ಲಿದೆ. ಧಾರವಾಡದಿಂದ ಪಡುವಣಕ್ಕೆ ಕೆಂಪು ಮಸಾರಿ. ಹುಬ್ಬಳ್ಳಿಯಿಂದ ಮೂಡಣಕ್ಕೆ ಕಪ್ಪು ಎರೆ. ಮಸಾರಿಯಲ್ಲಿ ನೀರು ಬೇಗನೆ ಇಂಗಿಹೋಗುವುದು. ಎರೆಯು ನೀರನ್ನು ಹಿಡಿದಿಟ್ಟುಕೊಂಡರೂ ಒಣಗಿದಾಗ ಬಿರಿಯುವುದು. ಬಿರುಕಿನ ಮೂಲಕ ಆಳದ ತೇವವೂ ಆರುವುದು, ಎಳೆಯ ಬೇರುಗಳೂ ಹರಿಯುವವು. ಎರಡಕ್ಕೂ ಮದ್ದು ಹೊದಿಕೆಯೇ. ಬಿಸಿಲು ಮಣ್ಣಿಗೆ ನೇರವಾಗಿ ತಾಗದು, ಕಳೆ ಸುಲಭವಾಗಿ ಏಳದು, ಎರೆಹುಳು ತಂಪಿನಲ್ಲಿ ತನ್ನ ಕಾಯಕ ನಡೆಸುವುದು. ಕೊನೆಗೆ ಹೊದಿಕೆಯೇ ಕೊಳೆತು ಗೊಬ್ಬರವಾಗುವುದು.

ವಿಧಾನ ಸರಳವಾದುದು. ಹಿಂಗಾರು ಮುಗಿದು ನೆಲ ಇನ್ನೂ ಹಸಿಯಿರುವಾಗಲೇ ಕಳೆ ಕಿತ್ತು, ಕಳಿತ ತಿಪ್ಪೆಗೊಬ್ಬರವನ್ನು ತೆಳುವಾಗಿ ಹರಡಬೇಕು. ಅದರ ಮೇಲೆ 3ರಿಂದ 4 ಅಂಗುಲ ದಪ್ಪ ಒಣ ಎಲೆ, ಶೇಂಗಾ ಹೊಟ್ಟು, ಕಬ್ಬಿನ ರವದಿ ಅಥವಾ ತುಂಡರಿಸಿದ ಜೋಳದ ಕಣಕಿಯನ್ನು ಹಾಸಬೇಕು. ಇವನ್ನು ಮಣ್ಣಿನಲ್ಲಿ ಬೆರೆಸಕೂಡದು. ಬೆರೆಸಿದರೆ ಕೊಳೆಯುವಾಗ ಗಿಡಕ್ಕೆ ಸಲ್ಲಬೇಕಾದ ಸಾರಜನಕವನ್ನು ಅವು ಕೆಲಕಾಲ ಹಿಡಿದುಕೊಳ್ಳುವವು. ನೀರುಣ್ಣುವ ಎಳೆಯ ಬೇರುಗಳು ಹೆಚ್ಚಾಗಿ ಕಾಂಡದಿಂದ ದೂರ ಹರಡಿರುವುದರಿಂದ, ಹೊದಿಕೆಯು ಕೊಂಬೆಗಳ ನೆರಳಿನ ಅಂಚಿನವರೆಗೂ ಇರಬೇಕು. ಕಾಂಡದ ಸುತ್ತ ಮಾತ್ರ ಒಂದು ಗೇಣು ಜಾಗವನ್ನು ಬರಿದಾಗಿ ಬಿಡಲೇಬೇಕು.

ಈ ಕೊನೆಯ ಮಾತನ್ನು ನಾವು ಕಲಿತದ್ದು ನಷ್ಟದಿಂದ. ನಮ್ಮ ತಾಯಿಯವರು ತಮ್ಮ ಕೈಯಾರೆ ನೆಟ್ಟ ಪೇರಲ ಗಿಡವೊಂದು ನಮ್ಮ ಹಿತ್ತಲಲ್ಲಿತ್ತು. ಅವರು ಲಿಂಗೈಕ್ಯರಾದ ಮರುವರ್ಷ, ಗಿಡದ ಮೇಲಿನ ಮಮತೆಯಿಂದ, ಎಲೆಯ ರಾಶಿಯನ್ನು ಕಾಂಡಕ್ಕೆ ಒತ್ತಿ ಮೊಳದೆತ್ತರ ಪೇರಿಸಿದೆವು. ಮಳೆಗಾಲದಲ್ಲಿಯೂ ಅದನ್ನು ಸರಿಸಲಿಲ್ಲ. ಶ್ರಾವಣದಲ್ಲಿ ಎಲೆ ಹಳದಿಯಾದಾಗ ರಾಶಿ ತೆಗೆದು ನೋಡಿದರೆ ತೊಗಟೆ ಸುತ್ತಲೂ ಕೊಳೆತಿತ್ತು, ಗೆದ್ದಲೂ ಹತ್ತಿತ್ತು. ಗಿಡ ಉಳಿಯಲಿಲ್ಲ. ಅರಿವಿಲ್ಲದ ಆರೈಕೆಯೂ ಘಾತವಾಗಬಲ್ಲುದೆಂಬುದು ಅಂದು ನಮಗೆ ತಿಳಿಯಿತು.

ಆದ್ದರಿಂದ ಗೆದ್ದಲಿರುವೆಡೆ ಹೊದಿಕೆಯನ್ನು ಆಗಾಗ ಎತ್ತಿ ನೋಡಬೇಕು. ನೀರು ನಿಲ್ಲುವ ಎರೆಯಲ್ಲಿ ಮುಂಗಾರು ಬಿರುಸಾದಾಗ ಅದನ್ನು ಬದಿಗೆ ಸರಿಸಬೇಕು. ಫಲ ಕೊಡುವ ಆಪೂಸು ಮಾವಿಗೆ ಹೂ ಬಿಡುವ ಮುನ್ನ ತುಸು ಒಣಹವೆ ಹಿತ. ಹೊದಿಕೆಯಿದೆಯೆಂದು ಆಗ ಧಾರಾಳವಾಗಿ ನೀರುಣಿಸಿದರೆ ಹೂವಿನ ಬದಲು ಚಿಗುರೇ ಬರುವುದು. ಕಾಯಿ ಕಟ್ಟಿದ ಮೇಲೆ ನೀರು ಕೊಡುವುದು ಲೇಸು. ಸಂಶಯವಿದ್ದವರು 1986ರಲ್ಲಿ ಸ್ಥಾಪನೆಗೊಂಡ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನು ವಿಚಾರಿಸಬಹುದು.

ಈಗ ನಮ್ಮ ಹಿತ್ತಲಲ್ಲಿ ಅದೇ ತಾವಿನ ಸಮೀಪ ಬೇರೊಂದು ಪೇರಲ ಬೆಳೆದಿದೆ. ಮೊಮ್ಮಕ್ಕಳು ಎಲೆ ಗುಡಿಸಿ ತಂದು ಅದರ ಸುತ್ತ ಹಾಸುತ್ತಾರೆ. ಕಾಂಡದ ಬಳಿ ಗೇಣು ಹಾಕಿ ಅಳೆಯುವುದು ಅವರಿಗೊಂದು ಆಟ. ಓದುಗ ಬಂಧುಗಳೂ ಈ ವರುಷ ಕಡ್ಡಿಪೆಟ್ಟಿಗೆಯನ್ನು ಒಳಗಿಟ್ಟು, ಬುಟ್ಟಿಯನ್ನು ಹೊರಗೆ ತರಲಿ.