ಗುಡ್ ಹೋಪ್ ಭೂಶಿರದ ವೃದ್ಧ ಗೋಪಾಲಕ

ಆಫ್ರಿಕಾ ಖಂಡದ ದಕ್ಷಿಣ ತುದಿಯ ಬಳಿಯಲ್ಲಿರುವ ಗುಡ್ ಹೋಪ್ ಭೂಶಿರವನ್ನು ವಿದ್ಯಾರ್ಥಿಗಳು ಭೂಪಟದಲ್ಲಿ ನೋಡಿರಬಹುದು. ಪೂರ್ವದೇಶಗಳಿಗೆ ಹೋಗಿಬರುವ ತನ್ನ ಹಡಗುಗಳಿಗೆ ನೀರು, ಮಾಂಸ, ಕಾಯಿಪಲ್ಯಗಳನ್ನು ಒದಗಿಸಲೆಂದು ಡಚ್ ಈಸ್ಟ್ ಇಂಡಿಯಾ ಕಂಪನಿಯು 1652ರಲ್ಲಿ ಅಲ್ಲೊಂದು ತಂಗುದಾಣವನ್ನು ಸ್ಥಾಪಿಸಿತು. 1657ರಿಂದ ತನ್ನ ಕೆಲವು ನೌಕರರನ್ನು ಸೇವೆಯಿಂದ ಬಿಡುಗಡೆಮಾಡಿ, ಬೇಸಾಯಕ್ಕೆ ಭೂಮಿಯನ್ನು ಕೊಡತೊಡಗಿತು. ಖೋಯಿಖೋಯಿ ಜನರು ತಲೆತಲಾಂತರದಿಂದ ದನಕುರಿಗಳನ್ನು ಮೇಯಿಸುತ್ತಿದ್ದ ಭೂಮಿಯದು ಎಂಬುದನ್ನು ಮರೆಯಲಾಗದು. ಕಂಪನಿಯ ಸೈನಿಕರಲ್ಲಿಯೂ ನಾವಿಕರಲ್ಲಿಯೂ ಜರ್ಮನರು ಬಹು ಮಂದಿ ಇದ್ದುದರಿಂದ ಡಚ್ಚರ ಆ ವಸಾಹತಿನಲ್ಲಿ ಜರ್ಮನರೂ ಬೇರೂರಿದರು.

ಅಂಥವರ ಬಾಳನ್ನು ಅರಿಯಲು ಹಡಗಿನ ಹಾಜರಿಪಟ್ಟಿ, ದೇವಾಲಯದ ದೀಕ್ಷಾಸ್ನಾನದ ಪುಸ್ತಕ, ವರ್ಷವರ್ಷವೂ ದನಕರು ದ್ರಾಕ್ಷಿಬಳ್ಳಿಗಳನ್ನು ಎಣಿಸಿ ಬರೆದ ತೆರಿಗೆಯ ಪಟ್ಟಿ, ಇವೇ ಆಧಾರಗಳು. ಆ ಪಟ್ಟಿಗಳಲ್ಲಿ ದನಗಳಂತೆಯೇ ಗುಲಾಮರನ್ನೂ ಎಣಿಸಿದ್ದಾರೆ. ನಮ್ಮ ಮಲಬಾರು ತೀರದಿಂದಲೂ ಕೆಲವರನ್ನು ಹಾಗೆ ಒಯ್ದಿದ್ದರು. ‘ಮಲಬಾರಿನವನು’ ಎಂಬುದೇ ಅಂಥವರಿಗೆ ಕುಲನಾಮವಾಯಿತು.

ವೋಲ್ರಾಡ್ ವೋಲ್ಟೆಮಾಡೆ ಎಂಬವನು ಸುಮಾರು 1708ರಲ್ಲಿ ಜರ್ಮನಿಯ ಹೆಸ್ಸೆ–ಶೌಂಬರ್ಗಿನಲ್ಲಿ ಜನಿಸಿದವನು. ಅವನನ್ನು ಹೈನುಗಾರನಾದ ರೈತನೆನ್ನುವುದು ರೂಢಿ. ಆಗ ಭೂಶಿರದಲ್ಲಿದ್ದ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಥುನ್‌ಬರ್ಗನು ಮಾತ್ರ ಅವನನ್ನು ಕಂಪನಿಯ ಮೃಗಶಾಲೆಯ ಪಾಲಕನೆಂದು ಬರೆದಿದ್ದಾನೆ. ಏನೇ ಇರಲಿ, ಅರುವತ್ತು ದಾಟುವ ವರೆಗೆ ಯಾರ ಗಮನಕ್ಕೂ ಬಾರದೆ ಬಾಳಿದ ಮನುಷ್ಯ.

1773ನೆಯ ಜೂನ್ 1ರಂದು ವಾಯುವ್ಯದಿಂದ ಬೀಸಿದ ಬಿರುಗಾಳಿಗೆ ‘ದಿ ಯೋಂಗೆ ತೋಮಾಸ್’ ಎಂಬ ಕಂಪನಿಯ ಹಡಗು ಲಂಗರು ಕಳಚಿಕೊಂಡು ಟೇಬಲ್ ಕೊಲ್ಲಿಯ ದಡದ ಬಳಿ ನೆಲಕ್ಕೆ ಬಡಿದು ಒಡೆಯಿತು. ಅದರಲ್ಲಿ ಸುಮಾರು 190 ಮಂದಿ ಇದ್ದರು. ಕಂಪನಿಯು ಮಾಡಿದ್ದೇನು? ದಡಕ್ಕೆ ತೇಲಿಬರುವ ಸರಕನ್ನು ಯಾರೂ ಕದಿಯದಂತೆ ಮೂವತ್ತು ಸೈನಿಕರನ್ನು ಕಾವಲಿಗಿಟ್ಟಿತು. ಸಮೀಪಕ್ಕೆ ಬಂದವರನ್ನು ವಿಚಾರಣೆಯಿಲ್ಲದೆ ಗಲ್ಲಿಗೇರಿಸುವುದಾಗಿ ಸಾರಿ, ನೇಣುಗಂಬವನ್ನೂ ನೆಡಿಸಿತು. ಮುಳುಗುತ್ತಿದ್ದವರ ಕೂಗು ದಡಕ್ಕೆ ಕೇಳಿಸುತ್ತಿತ್ತು.

ಆ ಕಾವಲುಗಾರರಲ್ಲಿ ವೋಲ್ಟೆಮಾಡೆಯ ಕಿರಿಯ ಮಗನೂ ಒಬ್ಬ. ಮಗನಿಗೆ ಬೆಳಗಿನ ಉಪಾಹಾರವಾಗಿ ಒಂದು ರೊಟ್ಟಿಯನ್ನೂ ಒಂದು ಸೀಸೆ ದ್ರಾಕ್ಷಾರಸವನ್ನೂ ತೆಗೆದುಕೊಂಡು, ಎರವಲು ತಂದ ಕುದುರೆಯನ್ನೇರಿ ಮುದುಕನು ಅಲ್ಲಿಗೆ ಬಂದನು. ನೇಣುಗಂಬ ಇನ್ನೂ ಎದ್ದಿರಲಿಲ್ಲ. ಆದುದರಿಂದ ಅವನನ್ನು ಯಾರೂ ತಡೆಯಲಿಲ್ಲ. ಬುತ್ತಿಯನ್ನು ಕೊಟ್ಟವನೇ ಕುದುರೆಯನ್ನು ತೆರೆಗಳೊಳಕ್ಕೆ ಈಜಿಸಿದನು. ಒಂದು ಬಾರಿಗೆ ಇಬ್ಬರಂತೆ, ಹಗ್ಗವನ್ನೋ ಕುದುರೆಯ ಬಾಲವನ್ನೋ ಹಿಡಿಯುವಂತೆ ಹೇಳಿ, ಏಳು ಬಾರಿ ಹೋಗಿಬಂದು ಹದಿನಾಲ್ವರನ್ನು ದಡಕ್ಕೆ ತಂದನು. ಕುದುರೆ ಬಸವಳಿದಿತ್ತು. ಎಂಟನೆಯ ಬಾರಿ ಹೋದಾಗ ಪ್ರಾಣಭೀತಿಯಿಂದ ಹಲವರು ಒಮ್ಮೆಗೇ ನೀರಿಗೆ ಹಾರಿ ಮುತ್ತಿಕೊಂಡರು. ಅವರಲ್ಲೊಬ್ಬನು ಕಡಿವಾಣವನ್ನೇ ಹಿಡಿದೆಳೆದುದರಿಂದ ಕುದುರೆಯ ತಲೆ ನೀರಿನೊಳಗಾಯಿತು, ಎಲ್ಲರೂ ಮುಳುಗಿದರು. ಹಡಗಿನಲ್ಲಿದ್ದವರಲ್ಲಿ ಬದುಕಿ ಉಳಿದವರು 53 ಮಂದಿ.

ಹಾಲೆಂಡಿನಲ್ಲಿದ್ದ ಕಂಪನಿಯ ನಿರ್ದೇಶಕರು ಈ ಸುದ್ದಿಯನ್ನು ಕೇಳಿ ಒಂದು ಹಡಗಿಗೆ ‘ವೀರ ವೋಲ್ಟೆಮಾಡೆ’ ಎಂದು ಹೆಸರಿಟ್ಟರು. ಅವನ ಸಂತತಿಯನ್ನು ಪೋಷಿಸುವಂತೆ ಭೂಶಿರದ ಅಧಿಕಾರಿಗಳಿಗೆ ಆಜ್ಞೆ ಕಳುಹಿಸಿದರು. ಆದರೆ ಅಷ್ಟರೊಳಗೆ, ತಂದೆಯ ಉದ್ಯೋಗವನ್ನು ತನಗೆ ಕೊಡಬೇಕೆಂದು ಆ ಕಿರಿಯ ಮಗನು ಕೇಳಿಕೊಂಡಿದ್ದನು. ಇತರರು ಬಯಸದಂಥ ಆ ಸಣ್ಣ ಕೆಲಸವನ್ನೂ ಅಧಿಕಾರಿಗಳು ಅವನಿಗೆ ಕೊಡಲಿಲ್ಲ. ಅವನು ಮನನೊಂದು ಬಟಾವಿಯಕ್ಕೆ ಹೋದನೆಂದೂ, ನಿರ್ದೇಶಕರ ಆಜ್ಞೆಯ ಸುದ್ದಿ ತಲಪುವ ಮೊದಲೇ ಅಲ್ಲಿ ತೀರಿಕೊಂಡನೆಂದೂ ಥುನ್‌ಬರ್ಗನು ಬರೆದಿದ್ದಾನೆ.